ಕೆಮ್ಮಿಗೆ ಕಣ್ಣೀರು, ಕುಂಟಿಗೆ ಚಪ್ಪಾಳೆ

"ಅವಗ ಚಪ್ಪಾಳಿ ಕೊಡ್ತೇವಿ" ಎಂದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ವಕೀಲರನ್ನು, ಸಾವಕಾರರನ್ನು, ರಾಣೆಬೆನ್ನೂರಿನ ಜನರನ್ನು ಮನಸ್ಸು ತಣಿಯುವಷ್ಟು ಬೈಯುವವನಿದ್ದೇನೆ. ಬೈಯುವವನ ಬಾಯಿ ಎಂಥದು ಎನ್ನುವುದು ಓದುವವರಿಗೆ ಗೊತ್ತಿರಲಿ.

ಆಗ ನಾನು ಬ್ಯಾಡಗಿಯ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತೆ. ರೈತರು ತಂದ ಮೆಣಸಿನಕಾಯಿಯನ್ನು ಸಾವಕಾರರು ತಮ್ಮ ಅಂಗಳದಲ್ಲಿ ಮಾರಿಸಿಕೊಟ್ಟು ದಲಾಲಿ ಹಿಡಿಯುತ್ತಿದ್ದರು. ಚೀಲಗಳಿಗೆ ಮಸಿಯಲ್ಲಿ ಗುರುತು ಹಾಕುವವನು ನಾನು. ಉಳಿದ ಹೊತ್ತಿನಲ್ಲಿ ಕಂಡವರ ಧ್ವನಿ ಕದಿಯುತ್ತಿದ್ದೆ. ಸ್ಟೇಷನ್ ಮಾಸ್ತರರ ಮೂಗಿನ ಮಾತು, ಸಾವಕಾರರ ಏದುಸಿರು, ಹಮಾಲರ ಜಗಳ, ನಮ್ಮವ್ವ ನನ್ನನ್ನು ಬೈಯುವ ರಾಗ, ಎಲ್ಲವೂ ನನ್ನ ಗಂಟಲಲ್ಲಿ ಇರುತ್ತಿದ್ದವು. ನಿನ್ನ ಸ್ವಂತ ಧ್ವನಿ ಯಾವುದೋ ಎಂದು ಯಾರಾದರೂ ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತಿತ್ತು.

ಜರ್ಮನರೊಡನೆ ಎರಡನೆಯ ಲಡಾಯಿ ಶುರುವಾದ ಹೊಸದರಲ್ಲಿ ಹಾವೇರಿಯ ದೊಡ್ಡವರೆಲ್ಲ ಸೇರಿ ಕ್ಷಯರೋಗಿಗಳಿಗೆ ಒಂದು ವಾರ್ಡು ಕಟ್ಟಿಸಲು ಕಮಿಟಿ ಮಾಡಿದರು. ಒಬ್ಬ ವಕೀಲರು ಅಧ್ಯಕ್ಷರು, ನಮ್ಮ ಸಾವಕಾರರು ಉಪಾಧ್ಯಕ್ಷರು. ಊರೂರಿಗೆ ಹೋಗಿ ರೋಗದ ತಿಳಿವಳಿಕೆ ಹೇಳಿ ಚಂದಾ ಎತ್ತಲು ಪುಣೆಯಲ್ಲಿ ಕಲಿತು ಬಂದ ಒಬ್ಬ ತರುಣ ಡಾಕ್ಟರರನ್ನು ನೇಮಿಸಿದರು. ಡಾಕ್ಟರರ ಬಳಿ ಮುಂಬೈಯಿಂದ ತರಿಸಿದ ಮ್ಯಾಜಿಕ್ ಲ್ಯಾಂಟರ್ನ್ ಇತ್ತು. ಒದ್ದೆ ಮಾಡಿದ ಬಿಳಿ ಧೋತರವನ್ನು ಎರಡು ಗಳಕ್ಕೆ ಕಟ್ಟಿ, ಗಾಜಿನ ಮೇಲಿನ ಚಿತ್ರಗಳನ್ನು ಒಂದೊಂದಾಗಿ ಅದರ ಮೇಲೆ ಬೀಳಿಸುತ್ತಿದ್ದರು. ಆದರೆ ಮಾತಾಡುವಾಗ ಪುಣ್ಯಾತ್ಮರು ಜನರ ಕಡೆಗೆ ಬೆನ್ನು ಮಾಡಿ ಆ ಧೋತರಕ್ಕೇ ಹೇಳುತ್ತಿದ್ದರು. ಧೋತರಕ್ಕೆ ಎಷ್ಟು ತಿಳಿಯಿತೋ ಕಾಣೆ, ಜನ ನಿದ್ದೆ ಹೋಗುತ್ತಿದ್ದರು. ಅದಕ್ಕೆ ಸಾವಕಾರರು ನನ್ನನ್ನು ಕರೆದರು.

"ಲೇ, ನೀ ಮಂದಿ ಸೋಗು ಹಾಕತೀಯಲ್ಲ, ಕ್ಷಯ ರೋಗದಾಂವ್ನ ಸೋಗು ಹಾಕು. ಮಂದಿ ಅಳಬೇಕು. ಅತ್ತಾವ್ರ ಕೈಯಾಗಿಂದ ರೊಕ್ಕ ಲಗೂ ಬರ್ತೈತಿ."

ಮೊದಲ ಆಟ ಬ್ಯಾಡಗಿಯಲ್ಲೇ. ನಾನು ಪ್ರಾಣ ಹೋಗುವ ಹಾಗೆ ಕೆಮ್ಮಿದೆ. ಒಬ್ಬರೂ ತಿರುಗಿ ನೋಡಲಿಲ್ಲ. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಯ ನಾಯಿ ಸಹಿತ ಕೆಮ್ಮುತ್ತದೆ. ಎದುರಿಗೆ ಕೂತವರು ನನಗಿಂತ ಚೆನ್ನಾಗಿ ಕೆಮ್ಮುತ್ತಿದ್ದರು. ಒಬ್ಬ ಹಮಾಲ ಮರುಕದಿಂದ ಕೂಗಿ ಹೇಳಿದ, "ತಮ್ಮಾ, ಒಂದ್ ತುಣುಕು ಬೆಲ್ಲಾ ಬಾಯಾಗ ಹಾಕ್ಕೋ, ಘಾಟು ಇಳೀತೈತಿ."

ಆಮೇಲೆ ನಾನು ಈ ಕೆಮ್ಮನ್ನು ಕಟ್ಟುವುದು ಕಲಿತೆ. ಸಣ್ಣದಾಗಿ ಶುರು ಮಾಡಬೇಕು, ಮಾತಿನ ನಡುವೆ ತಡೆದುಕೊಂಡಂತೆ. ತಡೆದದ್ದು ಜನಕ್ಕೆ ಕಾಣಬೇಕು. ಕೊನೆಗೆ ಒಂದು ಉದ್ದನೆಯ ಕೆಮ್ಮು, ಬಾಯಿಗೆ ಕರವಸ್ತ್ರ. ಕರವಸ್ತ್ರದ ಮೂಲೆಗೆ ಮೊದಲೇ ಕುಂಕುಮದ ನೀರು ಹಚ್ಚಿಟ್ಟಿರಬೇಕು. ಆ ಕೆಂಪನ್ನು ಜನರಿಗೆ ತೋರಿಸಬಾರದು. ತಾನೊಬ್ಬನೇ ನೋಡಿ, ಆಟದಲ್ಲಿ ಎದುರಿಗಿದ್ದಾಳೆಂದು ನಟಿಸುವ ಹೆಂಡತಿಗೆ ಕಾಣದಂತೆ ಮುಚ್ಚಿಕೊಳ್ಳಬೇಕು. ಮುಚ್ಚಿಕೊಳ್ಳುವ ಆ ಗಳಿಗೆಯಲ್ಲಿ ಸೀರೆಯ ಸೆರಗುಗಳು ಕಣ್ಣಿಗೆ ಹೋಗುತ್ತವೆ. ಆಗಲೇ ಚಂದಾದ ತಾಟು ತಿರುಗಬೇಕು. ನನ್ನ ರೋಗಿಗೆ ನಾನು ಓದಿದ ಹುಡುಗನ ವೇಷ ಹಾಕಿದ್ದೆ: ಕೈಯಲ್ಲಿ ಪುಸ್ತಕ, ಬಿಳಿ ಅಂಗಿ, ಹೊಸ ಮದುವೆ. ಕಾದಂಬರಿಗಳಲ್ಲಿ ಕ್ಷಯದಿಂದ ಸಾಯುವವರೆಲ್ಲ ಹೀಗೇ ಚೆಂದವಾಗಿರುತ್ತಾರೆ.

ಆದರೆ ಬರೀ ಅಳು ಇದ್ದರೆ ಜನ ಅರ್ಧಕ್ಕೆ ಎದ್ದು ಹೋಗುತ್ತಾರೆ. ಮೊದಲು ನಗಿಸಬೇಕು. ನಗಿಸಲು ನಾನು ಆರಿಸಿಕೊಂಡದ್ದು ನಾರುಹುಣ್ಣಿನವನನ್ನು. ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ಕಾಲಲ್ಲಿ ಒಂದು ಗುಳ್ಳೆ ಏಳುತ್ತದೆ, ಬೆಂಕಿಯಿಟ್ಟಂತೆ ಉರಿಯುತ್ತದೆ, ಒಡೆಯುತ್ತದೆ, ಒಳಗಿನಿಂದ ದಾರದಂಥ ಹುಳ ತಲೆ ಹಾಕುತ್ತದೆ. ಮೊಳದುದ್ದದ ಆ ಹುಳವನ್ನು ಕಸಬರಿಗೆ ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಹೊರಗೆಳೆಯಬೇಕು. ನನ್ನ ಆಟದಲ್ಲಿ ಒಬ್ಬ ಕುಂಟ ಕಾಲಿಗೆ ದಾರ ಕಟ್ಟಿಕೊಂಡು ಎತ್ತಿನ ಹಿಂದೆ ಓಡುತ್ತಿದ್ದ, ದಾರ ಎತ್ತಿನ ಬಾಲಕ್ಕೆ ಸಿಕ್ಕುತ್ತಿತ್ತು. ಹಾವೇರಿಯಲ್ಲಿ ಜನ ಹೊಟ್ಟೆ ಹಿಡಿದು ನಕ್ಕರು, ಆಮೇಲೆ ಮೂಗು ಸೀಟಿಕೊಂಡು ಅತ್ತರು, ತಾಟು ತುಂಬಿತು. ವಕೀಲರು ನನ್ನ ಬೆನ್ನು ತಟ್ಟಿದರು. ನಾನೂ ಮನೆಗೆ ಹೋಗಿ ಕನ್ನಡಿಯಲ್ಲಿ ನನ್ನ ಬೆನ್ನು ಕಾಣುತ್ತದೋ ಎಂದು ತಿರುಗಿ ತಿರುಗಿ ನೋಡಿದೆ.

ಕುಪ್ಪೇಲೂರಿನ ಕಡೆಯ ಒಂದು ಹಳ್ಳಿಯಲ್ಲಿ ಈ ಸೊಕ್ಕು ಇಳಿಯಿತು.

ಅಲ್ಲಿ ಚಾವಡಿಯ ಮುಂದೆ ಆಟ. ಕುಂಟ ಬಂದಾಗ ಹುಡುಗರು ಅಷ್ಟಿಷ್ಟು ನಕ್ಕರು. ಉಳಿದವರು ಸುಮ್ಮನೆ ನೋಡಿದರು. ಊರು ರಸಿಕರದ್ದಲ್ಲ ಎಂದುಕೊಂಡು ನಾನು ಕೆಮ್ಮಿಗೆ ಬಂದೆ. ಅದಕ್ಕೆ ಒಂದಿಬ್ಬರು ಕಣ್ಣೊರೆಸಿಕೊಂಡರು. ಡಾಕ್ಟರು ವಾರ್ಡಿನ ವಿಷಯ ಹೇಳಿ, ಕೇಳುವುದಿದ್ದರೆ ಕೇಳಿ ಎಂದರು. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. ನಡು ಹರೆಯ ದಾಟಿದವಳು. ಅವಳನ್ನು ನಾನು ಬ್ಯಾಡಗಿಯಲ್ಲಿ ನೋಡಿದ್ದೆ. ಸುಗ್ಗಿಯಲ್ಲಿ ನಮ್ಮ ಅಂಗಳಕ್ಕೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಬರುತ್ತಿದ್ದಳು.

"ಕೆಮ್ಮಾವಗ ದವಾಖಾನಿ ಕಟ್ಟಸ್ತೀರಿ, ಛಲೋ ಆತು. ಅದಕ್ಕೂ ಮದಲ ಒಬ್ಬಾಂವ ಕುಂಟಿಕೋಂತ ಬಂದಿದ್ನಲ್ರೀ, ಅವಗೇನ್ ಕೊಡ್ತೀರಿ?"

ಡಾಕ್ಟರು ಧೋತರದ ಕಡೆ ನೋಡಿದರು. ಧೋತರ ಏನೂ ಹೇಳಲಿಲ್ಲ. ಸಭೆ ಕೈ ಜಾರುತ್ತಿದೆ ಅನ್ನಿಸಿ ನಾನು ಮುಂದೆ ನೆಗೆದು, ಕುಂಟನ ಧ್ವನಿಯಲ್ಲೇ ಕೂಗಿದೆ:

"ಅವಗ ಚಪ್ಪಾಳಿ ಕೊಡ್ತೇವಿ ಯವ್ವಾ!"

ಹುಡುಗರು ನಕ್ಕರು. ಆಕೆ ನಗಲಿಲ್ಲ, ಧ್ವನಿಯನ್ನೂ ಏರಿಸಲಿಲ್ಲ.

"ಹೂಂ. ಚಪ್ಪಾಳಿ ಹುಣ್ಣಿಗೆ ಕಟ್ಟಾಕ ಬರ್ತೈತೇನೋ ತಮ್ಮಾ?"

ಅಷ್ಟು ಹೇಳಿ ಕೂತಳು. ಕೂಡಲು ಆಕೆಗೆ ಬಹಳ ಹೊತ್ತು ಹಿಡಿಯಿತು. ಒಂದು ಕಾಲನ್ನು ಕೈಯಿಂದ ಎತ್ತಿ ಮುಂದಕ್ಕಿಟ್ಟುಕೊಂಡಳು. ಆಗ ನಾನು ಆ ಸಾಲನ್ನು ಸರಿಯಾಗಿ ನೋಡಿದೆ. ಅಲ್ಲಿ ಕಾಲು ಮಡಚಿ ಕೂತವರಿಗಿಂತ ಕಾಲು ಚಾಚಿ ಕೂತವರೇ ಹೆಚ್ಚಾಗಿದ್ದರು.

ಬೆಳಿಗ್ಗೆ ನಾವು ಬಂಡಿ ಹೂಡುವಾಗ ಆಕೆಯೇ ಬಂದಳು. "ಏ ಸೋಗಿನ ತಮ್ಮಾ, ಬಾ ಇಲ್ಲಿ. ನಿನ್ನ ಕುಂಟನ ಮನಿ ತೋರಸ್ತೇನಿ. ಡಾಕ್ಟರ್ರನ್ನೂ ಕರಕೊಂಡ ಬಾ."

ಆಕೆಗೆ ಇಬ್ಬರು ಗಂಡುಮಕ್ಕಳು. ಹಿರಿಯವನಿಗೆ ಹಿಂದಿನ ಬೇಸಿಗೆಯಲ್ಲಿ ಹುಳ ಎಳೆಯುವಾಗ ಹರಿದು ಅರ್ಧ ಒಳಗೇ ಉಳಿದಿತ್ತು. ಕಾಲು ತುಂಬಿಕೊಂಡು, ಕೀವಾಗಿ, ಈಗ ಮೊಣಕಾಲು ಮಡಚುತ್ತಿರಲಿಲ್ಲ. ಕಿರಿಯವನು ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ. ಹಿಮ್ಮಡಿಯ ಮೇಲೆ ಕಡ್ಡಿ, ಕಡ್ಡಿಗೆ ಸುತ್ತಿದ ಬಿಳಿಯ ಎಳೆ. ಅದರ ಮೇಲೆ ಆಕೆ ತಣ್ಣೀರು ಹನಿಸಿ, ಉಸಿರು ಬಿಗಿಹಿಡಿದು, ಕಡ್ಡಿಯನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಬಟ್ಟೆ ಕಟ್ಟಿದಳು.

"ಇವನ ಕಾಲೂ ಮಡಚದಂಗ ಆತಂದ್ರ ಮಳಿ ಆದಮ್ಯಾಲ ಬಿತ್ತಾಕ ಕೂರಿಗಿ ಹಿಡಿಯಾವ್ರ ಯಾರು? ನಾ ಕೇಳಿದ್ದು ಅಷ್ಟ ನೋಡ್ರಿ. ಈ ಬ್ಯಾಸಗಿ ಹೆಂಗೋ ದಾಟತೈತಿ. ಬರೂ ಬ್ಯಾಸಗಿಗೆ ಇದು ಬರಬಾರದು. ಏನ್ ಮಾಡಬೇಕು ಹೇಳ್ರಿ."

"ಬಾವಿ ತೋರಸ್ರಿ" ಎಂದರು ಡಾಕ್ಟರು.

ಪಾವಟಿಗೆ ಇಳಿದು ಹೋಗುವ ಹಳೆಯ ಬಾವಿ. ಹೆಂಗಸರು ಮೆಟ್ಟಿಲಿಳಿದು, ಮೊಣಕಾಲುದ್ದದ ನೀರಿನಲ್ಲಿ ನಿಂತು ಕೊಡ ಮುಳುಗಿಸುತ್ತಿದ್ದರು. ಹುಣ್ಣಿನ ಕಾಲೂ ಅದೇ ನೀರಿನಲ್ಲಿ, ಕೊಡದ ಬಾಯೂ ಅದೇ ನೀರಿನಲ್ಲಿ. ಡಾಕ್ಟರು ಮೊದಲ ಸಲ ಜನರ ಮುಖ ನೋಡಿ ಮಾತಾಡಿದರು.

"ಹುಣ್ಣಿನ ಕಾಲು ನೀರಾಗ ಇಳಿದಕೂಡ್ಲೆ ಹುಳ ಕಣ್ಣಿಗೆ ಕಾಣದಂಥಾ ಮರಿ ಬಿಡ್ತದ. ಆ ನೀರು ಕುಡಿದ್ರ ಅವು ಹೊಟ್ಟಿಯೊಳಗ ಹೋಗ್ತಾವ. ಈ ವರ್ಷ ಕುಡಿದದ್ದು ಬರೂ ವರ್ಷ ಕಾಲಾಗ ಹೊರಗ ಬರ್ತದ. ಈ ಪಾವಟಿಗಿ ಮುಚ್ಚಿ, ಸುತ್ತಲೂ ಗ್ವಾಡಿ ಎಬ್ಬಿಸಿ, ಮ್ಯಾಲಿಂದ ಸೇದೂ ಹಂಗ ಮಾಡಿದ್ರ ಯಾರ ಕಾಲೂ ನೀರು ಮುಟ್ಟೂದಿಲ್ಲ. ಅಲ್ಲೀತನಕಾ ನೀರು ದಪ್ಪ ಅರಿವಿಯಾಗ ಸೋಸಿ ಕುಡೀರಿ."

"ಮನ್ಯಾಗ ಸೋಸಬಹುದ್ರಿ. ಹೊಲದಿಂದ ಬರೂವಾಗ ನೀರಡಿಕಿ ಆದಾವ್ರು ಇಲ್ಲೆ ಇಳದು ಬೊಗಸೀಲೆ ಕುಡೀತಾರ" ಎಂದಳು ಆಕೆ.

ಊರ ಹಿರಿಯರು ಸೇರಿದರು. ಬಾಣಂತಿ ಗಂಗೆ ಪೂಜೆಗೆ ನೀರಿಗಿಳಿಯಬೇಕಲ್ಲ ಎಂದು ಒಬ್ಬರು ತಕರಾರು ತೆಗೆದರು. ಮೇಲಿನೆರಡು ಮೆಟ್ಟಿಲು ಬಿಟ್ಟು ಅಲ್ಲಿಯೇ ಒಂದು ಗೂಡು ಕಟ್ಟಿ ಪೂಜೆ ಮಾಡೋಣವೆಂದು ಇತ್ಯರ್ಥವಾಯಿತು. ಕಲ್ಲು ಹೊರುವುದಕ್ಕೆ, ನೀರು ಹೊರಹಾಕುವುದಕ್ಕೆ ಊರಿನವರೇ ಸಿದ್ಧ. ಗಾರೆಗೆ ಸುಣ್ಣ, ಕಟ್ಟುವ ಗೌಂಡಿಗಳ ಕೂಲಿ, ಕಬ್ಬಿಣದ ರಾಟೆ, ಇಷ್ಟು ಹೊರಗಿನಿಂದ ಬರಬೇಕು. ನೀರು ತಳ ಕಂಡಿರುವಾಗಲೇ ಕೆಲಸ ಆಗಬೇಕು, ಅಂದರೆ ಮಳೆಗೆ ಮುಂಚೆ. ವಾರ್ಡಿನ ಒಂದು ಮೂಲೆಯ ಖರ್ಚೂ ಅಲ್ಲ ಅದು.

ಬಂಡಿಯಲ್ಲಿ ಡಾಕ್ಟರರನ್ನು ನಾನು ಕೆಣಕಿದೆ. "ಇಷ್ಟೆಲ್ಲಾ ಗೊತ್ತಿದ್ದೂ ಇಷ್ಟ ದಿನಾ ಯಾಕ ಬಾಯಿ ಬಿಡಲಿಲ್ಲರಿ?"

"ನನ್ನ ಹಂತೇಲಿರೂ ಚಿತ್ರ ಎಲ್ಲಾ ಮುಂಬೈಲಿಂದ ಬಂದಾವ. ಮುಂಬೈದಾಗ ಯಾರು ಪಾವಟಿಗಿ ಬಾವಿಯೊಳಗ ಇಳೀತಾರ? ಇದಕ್ಕ ಚಿತ್ರ ಮಾಡಿದವ್ರ ಇಲ್ಲ" ಎಂದರು. ಆಮೇಲೆ ತಡೆದು, "ನೀ ಯಾಕ ನಗಸ್ತಿದ್ದಿ?" ಎಂದರು.

ಊರು ಮುಟ್ಟುವವರೆಗೆ ನಾನು ಬಂಡಿಯ ಗಾಲಿಯ ಸದ್ದನ್ನು ಅನುಕರಿಸುತ್ತ ಕೂತೆ.

ಹಾವೇರಿಯಲ್ಲಿ ವಕೀಲರ ಮಾಳಿಗೆಯ ಮೇಲೆ ಕಮಿಟಿ ಸೇರಿತು. ಚಹಾ, ಚೂಡಾ. ಮೆಟ್ಟಿಲ ಬಳಿ ನಿಲ್ಲಲು ನನಗೂ ಪರವಾನಗಿ ಸಿಕ್ಕಿತು. ಡಾಕ್ಟರು ವಿಷಯ ಹೇಳಿ, ಎತ್ತಿದ ಚಂದಾದಲ್ಲಿ ಸ್ವಲ್ಪ ಭಾಗ ಆ ಬಾವಿಗೆ ಕೊಡಿರೆಂದರು. ಖಜಾಂಚಿಗಳಾದ ನಿವೃತ್ತ ಹೆಡ್ ಮಾಸ್ತರರು ಕನ್ನಡಕ ಏರಿಸಿದರು.

"ನಾರುಹುಣ್ಣಿಂದ ಸತ್ತವ್ರು ಯಾರರೇ ಇದ್ದಾರೇನು?"

"ಸಾಯೂದು ಕಡಿಮಿರಿ. ಬದುಕೂದು ಕಷ್ಟ" ಎಂದರು ಡಾಕ್ಟರು.

ವಕೀಲರು ಸಮಾಧಾನದ ಧ್ವನಿಯಲ್ಲಿ, ಕೋರ್ಟಿನಲ್ಲಿ ಎದುರಾಳಿಗೆ ಹೇಳುವಂತೆ ಹೇಳಿದರು: "ಡಾಕ್ಟರ್ರ, ನೀವು ಹೇಳೂದು ಖರೇ ಅದ. ಆದ್ರ ಕ್ಷಯ ಹಂಗಲ್ಲ. ಅದು ಯಾರ ಮನಿಗೆ ಬೇಕಾದ್ರೂ ಬರ್ತದ. ನಮ್ಮ ಅಳಿಯಂದ್ರ ತಮ್ಮಗ ಬಂತು. ನಾಳೆ ನಮ್ಮ ಮನ್ಯಾಗ ಬರಬಹುದು. ನಿಮ್ಮ ನಾರು ಹಂಗ ನಮ್ಮ ಮಾಳಿಗಿ ಹತ್ತೂದಿಲ್ಲ."

ಅವರು ಇದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅದಕ್ಕೇ ನನಗೆ ಸಿಟ್ಟು ನೆತ್ತಿಗೇರಿತು. ಕ್ಷಯ ಸುಳ್ಳು ರೋಗವಲ್ಲ; ನಮ್ಮ ಚಿಕ್ಕಪ್ಪನೇ ಅದರಲ್ಲಿ ಹೋದ, ಅವನು ಕೆಮ್ಮಿದ ರಾತ್ರಿಗಳೇ ನನ್ನ ಆಟದ ಬಂಡವಾಳ. ವಾರ್ಡು ಬೇಕು. ಆದರೆ ಇವರು ರೋಗಿಯನ್ನು ನೋಡಿ ಕೊಡುತ್ತಿರಲಿಲ್ಲ, ತಮ್ಮ ಮನೆಯ ಬಾಗಿಲನ್ನು ನೋಡಿಕೊಂಡು ಕೊಡುತ್ತಿದ್ದರು. ಆ ಭಯಕ್ಕೆ ಮರುಕವೆಂದು ಹೆಸರಿಟ್ಟು ತಾಟಿನಲ್ಲಿ ಹಾಕುತ್ತಿದ್ದರು. ಮನೆಯ ಹಿತ್ತಲಲ್ಲೇ ಸೇದುವ ಬಾವಿ ಇದ್ದವನಿಗೆ ನಾರಿನ ಭಯ ಎಲ್ಲಿಂದ ಬರಬೇಕು?

ನಮ್ಮ ಸಾವಕಾರರಿಗೆ ಬೇರೆಯೇ ಚಿಂತೆ. "ವಾರ್ಡಿನ ಬಾಗಲಿಗೆ ನಮ್ಮಪ್ಪಾರ ಹೆಸರಿನ ಕಲ್ಲ ಕುಂಡರಸ್ತೇವಿ. ಹುಳದ ಬಾವಿಗೆ ಯಾರ ಹೆಸರ ಹಾಕೂದು? ಹೋಗಿ ಬರಾವ್ರು, ಇವ್ರಪ್ಪಗ ನಾರಾಗಿತ್ತೇನು ಅಂತ ಕೇಳಬೇಕೇನು?"

ನನ್ನ ನಾಲಗೆ ಸುಮ್ಮನಿರಲಿಲ್ಲ. "ಹಂಗಾರ ವಾರ್ಡ್ ನೋಡಿದಾವ್ರು, ಇವ್ರಪ್ಪಗ ಕ್ಷಯ ಆಗಿತ್ತೇನು ಅಂತ ಕೇಳೂದಿಲ್ಲೇನ್ರಿ ಸಾವಕಾರ್ರ?"

"ಯಾಕ ಕೇಳ್ತಾರಲೇ? ನಮ್ಮಪ್ಪ ಹೋಳಿಗಿ ಉಂಡು ಎದ್ದು, ಹೊಸ್ತಿಲಾ ಎಡವಿ ಬಿದ್ದು ಹೋದ್ರು. ಊರಿಗೇ ಗೊತ್ತೈತಿ."

ಮಾಸ್ತರರಿಗೆ ಚಹಾ ಮೂಗಿಗೇರಿತು. ಕೊನೆಗೆ ವಕೀಲರು ಒಂದು ಮಧ್ಯದ ದಾರಿ ಹುಡುಕಿದರು: ರಾಣೆಬೆನ್ನೂರಿನ ಆಟದಲ್ಲಿ ನಾರಿಗೆ ಬೇರೆಯೇ ಒಂದು ತಾಟು ತಿರುಗಲಿ. ಜನ ಕೊಟ್ಟರೆ ಆ ರೊಕ್ಕ ಬಾವಿಗೆ. ಕೊಡದಿದ್ದರೆ ಜನರಿಗೇ ಬೇಡವೆಂದಾಯಿತು.

ನಾನು ಒಪ್ಪಿದೆ. ಕೆಮ್ಮಿನಿಂದ ಅಳಿಸಿದವನಿಗೆ ಕುಂಟಿನಿಂದ ಅಳಿಸುವುದು ಯಾವ ದೊಡ್ಡ ಮಾತು ಎಂಬ ಜಂಬ. ಆ ಹಳ್ಳಿಗೆ ಮತ್ತೆ ಹೋಗಿ ಕಿರಿಯ ಮಗನ ಪಕ್ಕದಲ್ಲಿ ಕೂತು ಪಾಠ ಮಾಡಿದೆ. ಹಿಮ್ಮಡಿ ನೆಲಕ್ಕೆ ತಾಗದಂತೆ ಬೆರಳ ತುದಿಯಲ್ಲಿ ಹೇಗೆ ಭಾರ ಬಿಡುತ್ತಾನೆ, ಕಡ್ಡಿ ತಿರುಗುವಾಗ ಹಲ್ಲು ಕಚ್ಚದೆ ತುಟಿ ಹೇಗೆ ಒಳಗೆಳೆದುಕೊಳ್ಳುತ್ತಾನೆ, ನೊಣ ಕೂತರೂ ಕಾಲು ಕೊಡವದೆ ಕೈಯಲ್ಲೇ ಏಕೆ ಹೊಡೆಯುತ್ತಾನೆ. ಅವನಿಗೆ ನನ್ನದು ತಮಾಷೆಯಾಗಿ ಕಂಡಿತು. "ಅಣ್ಣಾ, ನೀ ನನಗಿಂತ ಛಲೋ ಕುಂಟತಿ. ನನ್ನ ಬದಲಿ ನೀನ ಇರು, ನಾ ಬ್ಯಾಡಗಿಗೆ ಹೋಗಿ ಬರ್ತೇನಿ" ಎಂದ. ದಾರ, ಎತ್ತಿನ ಬಾಲ, ಎಲ್ಲ ತೆಗೆದುಹಾಕಿದೆ. ಒಬ್ಬ ತರುಣ, ಒಂದು ಕಡ್ಡಿ, ಮಳೆ ಬಂದ ಸದ್ದು, ಏಳಲಾರದ ಕಾಲು. ಇಷ್ಟೇ ಆಟ. ಮನೆಯಲ್ಲಿ ಅವ್ವನ ಮುಂದೆ ಆಡಿ ತೋರಿಸಿದಾಗ ಆಕೆ ಬೈಯುವುದನ್ನೇ ಮರೆತಳು.

ರಾಣೆಬೆನ್ನೂರಿನಲ್ಲಿ ಹತ್ತಿ ವ್ಯಾಪಾರದವರೆಲ್ಲ ಮನೆಮಂದಿಯೊಡನೆ ಬಂದಿದ್ದರು. ದೊಡ್ಡ ಡೇರೆ, ಎರಡು ಗ್ಯಾಸ್ ಬತ್ತಿ. ಡಾಕ್ಟರು ತಾವೇ ಕೈಯಿಂದ ಬರೆದ ಬಾವಿಯ ಚಿತ್ರವನ್ನು ಗಾಜಿನ ಮೇಲೆ ಹಾಕಿದ್ದರು. ನಾನು ಪರದೆಯ ಬದಿಯಿಂದ ಒಂದು ಹೆಜ್ಜೆ ಹೊರಗಿಟ್ಟೆ. ಬೆರಳ ತುದಿಯ ಮೇಲೆ, ಹೇಗೆ ಕಲಿತಿದ್ದೆನೋ ಹಾಗೆಯೇ.

ಡೇರೆ ಘೊಳ್ಳೆಂದು ನಕ್ಕಿತು.

ನನ್ನ ಕುಂಟ ಹಾವೇರಿಯಿಂದ ನನಗಿಂತ ಮೊದಲೇ ರೈಲು ಹತ್ತಿ ಅಲ್ಲಿಗೆ ಬಂದು ಹೆಸರು ಮಾಡಿದ್ದ. ನಾನು ನೋವು ಹೆಚ್ಚಿಸಿದೆ, ನಗು ಹೆಚ್ಚಿತು. ಕಡ್ಡಿ ತಿರುಗಿಸಿ ನರಳಿದೆ; ಶಿಳ್ಳೆ ಬಿತ್ತು. "ಎತ್ತು ಎಲ್ಲೈತೋ?" ಎಂದು ಯಾರೋ ಕೂಗಿದರು. ಸಿಟ್ಟಿನಿಂದ ನನ್ನ ಕಣ್ಣಲ್ಲಿ ಖರೇ ನೀರು ಬಂತು. ಅದನ್ನು ನೋಡಿ ಮುಂದಿನ ಸಾಲಿನ ಒಬ್ಬ ಯಜಮಾನರು ಬಿದ್ದು ಬಿದ್ದು ನಕ್ಕರು. ನಾರಿನ ತಾಟು ತಿರುಗಿತು. ಅವರೇ ಅದರಲ್ಲಿ ಒಂದು ನಾಣ್ಯ ಹಾಕಿ ಹೇಳಿದರು, "ಇದು ಹುಳಕ್ಕಲ್ಲಪಾ, ನಿನಗ! ಭಾಳ ನಗಿಸಿದಿ."

ಹಿಂದೆಯೇ ಕೆಮ್ಮಿನ ಆಟ ಆಡಬೇಕಾಗಿತ್ತು. ಆಡಿದೆ. ಎದೆಯೊಳಗೆ ಬೆಂಕಿ ಇತ್ತು, ಬೇಕೆಂದೇ ಕೆಟ್ಟದಾಗಿ ಕೆಮ್ಮಿದೆ. ಆದರೂ ಅತ್ತರು. ಕರವಸ್ತ್ರ ತೆಗೆಯುವ ಮೊದಲೇ ಅತ್ತರು. ತಾಟು ತುಂಬಿ ಇನ್ನೊಂದು ತರಬೇಕಾಯಿತು. ನಾನು ವೇದಿಕೆಯ ಮೇಲಿಂದ ಆ ಒದ್ದೆ ಕಣ್ಣುಗಳನ್ನು ನೋಡುತ್ತಿದ್ದೆ. ಹಗಲಲ್ಲಿ ಇವರದೇ ಅಂಗಡಿಯ ಮುಂದೆ ಹತ್ತಿಯ ಮೂಟೆ ಇಳಿಸುವವನು ಕುಂಟುತ್ತಾನೆ. ಮನೆಯ ಮುಸುರೆ ತಿಕ್ಕುವವಳು ಕುಂಟುತ್ತಾಳೆ. ಅದು ಇವರಿಗೆ ನಡಿಗೆಯ ಒಂದು ಬಗೆ. ಕೆಮ್ಮುವ ಓದಿದ ಹುಡುಗ ಮಾತ್ರ ರೋಗಿ. ರೋಗವೂ ಚೆಂದ ಕಾಣಬೇಕು ಇವರಿಗೆ, ಒಳ್ಳೆಯ ಮನೆಯಿಂದ ಬಂದಿರಬೇಕು, ಬಿಳಿ ಅಂಗಿ ತೊಟ್ಟಿರಬೇಕು. ಥೂ ಎನ್ನಬೇಕೆನ್ನಿಸಿತು. ಆದರೆ ಆ ಬಿಳಿ ಅಂಗಿ ಹೊಲಿಸಿದವನು, ಈ ಕುಂಟನಿಗೆ ಎತ್ತಿನ ಬಾಲ ಕಟ್ಟಿದವನು ಯಾರು? ಉಗುಳಲು ಹೋದರೆ ನನ್ನ ಎದೆಯ ಮೇಲೇ ಬೀಳುತ್ತಿತ್ತು.

ಮರುದಿನ ಬ್ಯಾಡಗಿಯ ಗಾಡಿಗೆ ಕಾಯುತ್ತ ಸ್ಟೇಷನ್ನಿನಲ್ಲಿ ಪೆಟ್ಟಿಗೆಗಳ ಮೇಲೆ ಕೂತಿದ್ದೆವು. ಡಾಕ್ಟರು ಇನ್ನೂ ಸೋತಿರಲಿಲ್ಲ.

"ಸಣ್ಣ ಮಕ್ಕಳ ಕಾಲಿನ ಚಿತ್ರ ತಗಸೋಣು. ಅದನ್ನ ನೋಡಿ ಯಾರೂ ನಗೂದಿಲ್ಲ."

"ಬ್ಯಾಡರಿ. ಮಕ್ಕಳನ್ನ ತೋರಿಸಿ ಬೇಡೂದೂ ಬ್ಯಾಡ, ಕುಂಟಿ ಬೇಡೂದೂ ಬ್ಯಾಡ. ನಾ ಇನ್ನಮ್ಯಾಲ ಜಡ್ಡಿನಾಂವ್ನ ಸೋಗು ಹಾಕೂದಿಲ್ಲ."

"ಮತ್ತ?"

"ಕೊಡಾವ್ರ ಸೋಗು ಹಾಕ್ತೇನಿ."

ಅಡತಿ ಅಂಗಡಿಯಲ್ಲಿದ್ದವನಿಗೆ ಇದು ಹೊಳೆಯಲು ಇಷ್ಟು ದಿನ ಬೇಕಾಯಿತು. ನಮ್ಮ ಪೇಟೆಯಲ್ಲಿ ಒಂದು ರೂಢಿ. ರೈತನ ಮಾಲು ಮಾರಿದ ಮೇಲೆ ಅವನ ರೊಕ್ಕದಲ್ಲಿ ದಲಾಲಿ, ಹಮಾಲಿ, ತೂಕದವನ ಪಾಲು ಮುರಿದುಕೊಳ್ಳುತ್ತಾರೆ. ಕಡೆಗೆ ಇಷ್ಟು ಅಂತ ಧರ್ಮಾದಾಯ ಮುರಿಯುತ್ತಾರೆ, ಎಂದರೆ ದಾನಕ್ಕೆ. ಮುರಿದದ್ದು ವ್ಯಾಪಾರಿಗಳ ಕೈಯಲ್ಲಿ ಸೇರಿ, ಛತ್ರಕ್ಕೋ ಗುಡಿಗೋ ಅವರ ಹೆಸರಿನಲ್ಲಿ ಹೋಗುತ್ತದೆ. ಗುಟ್ಟೇನೂ ಅಲ್ಲ, ಎಲ್ಲರೆದುರಿಗೆ ಕೂಗಿ ಹೇಳಿಯೇ ಮುರಿಯುತ್ತಾರೆ. ಆ ವರ್ಷ ಅದು ಕ್ಷಯದ ವಾರ್ಡಿಗೆಂದು ನಮ್ಮ ಸಾವಕಾರರೇ ಹಾವೇರಿಯ ವೇದಿಕೆಯ ಮೇಲೆ ಎದೆ ತಟ್ಟಿ ಹೇಳಿದ್ದರು. ಎಲ್ಲರೂ ಬಲ್ಲದ್ದನ್ನು ಯಾರೂ ಎತ್ತಿ ಆಡುತ್ತಿರಲಿಲ್ಲ, ಅಷ್ಟೇ.

"ನೌಕರಿ ಹೋಗ್ತದ" ಎಂದರು ಡಾಕ್ಟರು.

"ಹೋಗ್ಲಿರಿ. ಚೀಲಕ್ಕ ಮಸಿ ಬಡಿಯಾಕ ನನ್ನಂಥಾ ಪಂಡಿತನ ಬೇಕೇನು?" ಎಂದೆ. ಹಾಗೆಂದರೂ ಅವ್ವನ ಮುಖ ಕಣ್ಣೆದುರು ಬಂತು.

ಕಡೆಯ ಆಟ ಬ್ಯಾಡಗಿಯಲ್ಲಿ, ನಮ್ಮ ಸಾವಕಾರರ ಅಂಗಳದಲ್ಲೇ. ಒಬ್ಬ ದೊಡ್ಡ ಇಂಗ್ಲಿಷ್ ಸಾಹೇಬರ ಹೆಂಡತಿ ಬಂದು ವಾರ್ಡಿನ ನಿಧಿಯ ಚೀಲ ಸ್ವೀಕರಿಸುವವರಿದ್ದರು. ಅವರು ಸಂಜೆಯ ಗಾಡಿಗೆ ಮರಳಬೇಕೆಂದು ಆಟವನ್ನು ಹಗಲಲ್ಲೇ ಇಟ್ಟರು. ಹಗಲಾದ್ದರಿಂದ ಲ್ಯಾಂಟರ್ನ್ ಇಲ್ಲ. ಪೇಟೆಯ ದಿನವಾದ್ದರಿಂದ ರೈತರ ಬಂಡಿಗಳು ಅಂಗಳದ ತುಂಬ, ಆ ಹಳ್ಳಿಯವೂ ಅವುಗಳಲ್ಲಿದ್ದವು. ಒಂದು ಬದಿ ಕೆಂಪು ರಾಶಿಯ ಸುತ್ತ ತೊಟ್ಟು ಬಿಡಿಸುವ ಹೆಂಗಸರು. ಆಕೆಯೂ ಅವರಲ್ಲಿದ್ದಳು, ಕಾಲು ಚಾಚಿಕೊಂಡು. ಮಳೆಗೆ ಇನ್ನು ಬಹಳ ದಿನ ಉಳಿದಿರಲಿಲ್ಲ.

ನಾನು ತಲೆಗೆ ರುಮಾಲು ಸುತ್ತಿ, ಹೊಟ್ಟೆಗೊಂದು ಗೋಣಿಚೀಲ ಕಟ್ಟಿಕೊಂಡು, ಏದುಸಿರು ಬಿಡುತ್ತ ತಕ್ಕಡಿಯ ಬಳಿ ಬಂದೆ. ಬಾಯಿ ತೆರೆಯುವ ಮೊದಲೇ ಹಮಾಲರು ಗುರುತು ಹಿಡಿದರು. "ಅಯ್ಯಯ್ಯೋ, ಸಾವಕಾರ್ರ!" ಎಂದು ಒಬ್ಬ ಬಾಯಿ ಮುಚ್ಚಿಕೊಂಡ. ನಾನು ಸಾವಕಾರರ ರಾಗದಲ್ಲೇ ಶುರು ಮಾಡಿದೆ.

"ಬಾರಪಾ ಗೌಡಾ, ಕುಂಟಿಕೋಂತ ಯಾಕ ಬರ್ತಿ, ಲಗೂ ಬಾ. ಇದು ದಲಾಲಿ. ಇದು ಹಮಾಲಿ. ಇದು ತೂಕದ್ದು. ಇದು ಧರ್ಮಾದಾಯ. ಯಾರ ಧರ್ಮಾ ಅಂತೀಯೇನು? ನಂದಪಾ. ನಿನ್ನ ರೊಕ್ಕದಾಗ ನನ್ನ ಧರ್ಮಾ! ನಿನ್ನ ಕಾಲಾಗ ಹುಳಾ ಐತೇನು? ಇರ್ಲಿ ಬಿಡು. ನೀ ಒಂದೀಟ ಕೆಮ್ಮಾಕ ಕಲತ್ಕೋ, ದವಾಖಾನಿ ಕಟ್ಟಸ್ತೇನಿ!"

ಬಂಡಿಗಳ ಮೇಲಿದ್ದ ರೈತರು ಮೊದಲು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ನಕ್ಕರು. ನಾನು ಅಲ್ಲಿಯವರೆಗೆ ಗಳಿಸಿದ ನಗುಗಳಲ್ಲಿ ಇಂಥದು ಇರಲಿಲ್ಲ. ದೊರೆಸಾನಿ ಏನು ನಡೆದಿದೆಯೆಂದು ಇಂಗ್ಲಿಷಿನಲ್ಲಿ ಕೇಳಿದರು. ಇದು ಈ ಸೀಮೆಯ ಸುಗ್ಗಿ ಕುಣಿತ ಎಂದು ವಕೀಲರು ಬೆವರು ಒರೆಸಿಕೊಂಡು ವಿವರಿಸಿದರು. ಆಕೆ ಬಹಳ ಚೆನ್ನಾಗಿದೆ ಎಂದು ಚಪ್ಪಾಳೆ ತಟ್ಟಿದರು. ಸಾವಕಾರರು ಎದ್ದು ಬಂದು ನನ್ನ ಹೊಟ್ಟೆಯ ಗೋಣಿಚೀಲ ಕಿತ್ತೆಸೆದರು.

"ಸಾಕ್ ಮಾಡಲೇ ಹಲ್ಕಟ್! ನಾಳಿಂದ ಅಂಗಡಿ ಮೆಟ್ಟಲಾ ತುಳದ್ರ ಕಾಲ ಮುರೀತೇನಿ."

ಹೀಗೆ ನನ್ನ ಆಟ ಅರ್ಧಕ್ಕೇ ನಿಂತಿತು, ನೌಕರಿ ಪೂರ್ತಿ ಹೋಯಿತು. ಆ ಹಳ್ಳಿಯ ಬಾವಿಯ ಮೆಟ್ಟಿಲು ಮಳೆಗೆ ಮುಂಚೆ ಮುಚ್ಚಿದ್ದು, ಸುಣ್ಣದ ಬಂಡಿಗಳು ಬ್ಯಾಡಗಿ ಪೇಟೆಯ ಧರ್ಮಾದಾಯದಿಂದಲೇ ಹೋದದ್ದು ನಿಜ. ವಾರ್ಡು ಹೆಸರಿನ ಕಲ್ಲಿನೊಡನೆ ಎದ್ದು ನಿಂತದ್ದೂ ನಿಜ. ಸುತ್ತಲಿನ ಎಷ್ಟೋ ಬಾವಿಗಳಲ್ಲಿ ಜನ ಇವತ್ತಿಗೂ ಮೊಣಕಾಲು ನೀರಿಗಿಳಿಯುತ್ತಿರುವುದೂ ನಿಜ, ಅದನ್ನು ನೆನೆದಾಗೆಲ್ಲ ನನ್ನ ರಕ್ತ ಈಗಲೂ ಕುದಿಯುತ್ತದೆ. ಆದರೆ ಆ ಒಂದು ಬಾವಿ ನನ್ನ ಆಟದಿಂದ ಆಯಿತೆಂದು ಯಾರಾದರೂ ಹೇಳಿದರೆ ನಂಬಬೇಡಿ. ನನ್ನನ್ನು ಹಮಾಲರು ಪಕ್ಕಕ್ಕೆ ಎಳೆದುಕೊಂಡ ಮೇಲೆ ನಡೆದದ್ದು ಇದು.

ಡಾಕ್ಟರು ಮುಂದೆ ಬಂದು, ಈ ಸಲದ ಧರ್ಮಾದಾಯದಲ್ಲಿ ಬಾವಿಗೆ ಸುಣ್ಣ, ಗೌಂಡಿಗಳ ಕೂಲಿ, ರಾಟೆ ಇಷ್ಟನ್ನು ಕೊಡಿರೆಂದು ಎಲ್ಲರೆದುರು ಕೇಳಿದರು. ಬಂಡಿಗಳ ಮೇಲಿಂದ "ಕೊಡ್ರಿ, ಕೊಡ್ರಿ" ಎಂಬ ಧ್ವನಿಗಳು ಎದ್ದವು. ಸಾವಕಾರರು ತಕ್ಕಡಿಯ ಕಲ್ಲಿನ ಮೇಲೆ ಹತ್ತಿ ಕೈ ಎತ್ತಿದರು.

"ಏ, ಕೇಳ್ರಿ ಎಲ್ಲಾರೂ! ಯಾವ ರೋಗಕ್ಕ ಧರ್ಮಾ ಮಾಡಬೇಕು ಅನ್ನೂದು ಕೊಟ್ಟಾವ್ರ ಮರ್ಜಿ. ನಡಕ ಬ್ಯಾರೇದವ್ರು ಬಾಯಿ ಹಾಕೂದು ಬ್ಯಾಡ."

ಮೆಣಸಿನಕಾಯಿ ರಾಶಿಯ ಕಡೆಯಿಂದ ಆಕೆ ಎದ್ದು ನಿಂತಳು. ಕೈಯಿಂದ ಕಾಲು ಸರಿಮಾಡಿಕೊಂಡು ತಕ್ಕಡಿಯ ಕಡೆ ತಿರುಗಿದಳು.

"ಅದನ್ನ ಹೇಳಾಕ ಬಂದೇವ್ರಿ ಸಾವಕಾರ್ರ. ಕೊಟ್ಟಾವ್ರು ನಾವ."